ವೇಲ್ಸಿನಲ್ಲಿ ಕಡಲೆ ಕುಡಿ ಚಿವುಟಿದ್ದು

ಹುಮನಾಬಾದ್ ಬಸ್ ನಿಲ್ದಾಣ

ಪರದೇಶಕ್ಕೆ ಹೊರಟವರಿಗೆ ಅಲ್ಲಿ ಅದು ನೋಡಬೇಕು, ಇದು ನೋಡಬೇಕು ಎಂಬ ಆಸೆಗಳಿರುತ್ತವೆ. ನನ್ನ ಹತ್ತಿರ ಇದ್ದದ್ದು ಒಂದು ಪ್ರಶ್ನೆ ಮಾತ್ರ. ಕಾಲೇಜಿಗೆ ರಜೆ ಬಿಟ್ಟಾಗ ತೋಟಕ್ಕೆ ನೀರು ಹಾಕುವವರು ಯಾರು?

ನಾನು ಬಸವಕಲ್ಯಾಣದವಳು. ಹುಮನಾಬಾದಿನ ಒಂದು ಪದವಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಕಾಲೇಜಿನ ಹಿಂದೆ, ಕೊಳವೆಬಾವಿಯ ಪಕ್ಕದಲ್ಲಿ, ಒಡೆದ ಬೆಂಚುಗಳನ್ನು ಎಸೆಯುವ ಜಾಗವೊಂದಿತ್ತು. ಮುಡಬಿಯಿಂದ ಬರುವ ಮಹಾದೇವಿ ಎಂಬ ಹುಡುಗಿ ಬಿ.ಎಸ್ಸಿ. ಮೊದಲ ವರ್ಷದಲ್ಲಿದ್ದಾಗ ಗೆಳತಿಯರನ್ನು ಕಟ್ಟಿಕೊಂಡು ಆ ಬೆಂಚುಗಳನ್ನೆಲ್ಲ ಒಂದು ಬದಿಗೆ ಎಳೆದುಹಾಕಿ ಬದನೆ, ಪುಂಡಿಪಲ್ಯದ ಸೊಪ್ಪು, ಚವಳಿಕಾಯಿ ಬೆಳೆಯತೊಡಗಿದಳು. ಹಾಸ್ಟೆಲಿನ ಅಡುಗೆಮನೆಯ ಕಸವೇ ಗೊಬ್ಬರ. ಹುಳಕ್ಕೆ ಬೇವಿನ ಹಿಂಡಿ ಬಿಟ್ಟರೆ ಬೇರೆ ಔಷಧವಿಲ್ಲ. ಹಿಂದಿನ ಓಣಿಯ ಮಾಳಮ್ಮ ಎಂಬಾಕೆಯ ಆಡುಗಳು ಒಂದು ಮಧ್ಯಾಹ್ನ ಒಳಗೆ ಬಂದು ಪುಂಡಿಪಲ್ಯವನ್ನೆಲ್ಲ ನುಣ್ಣಗೆ ಮಾಡಿ ಹೋದಮೇಲೆ ಸುತ್ತ ಜಾಲಿಮುಳ್ಳಿನ ಬೇಲಿ ಬಂತು, ಬಾಗಿಲಿಗೆ ಬೀಗ ಬಂತು.

ಮಳೆಗಾಲದಿಂದ ಮಾರ್ಚ್‌ವರೆಗೆ ಅದು ನೋಡುವಂಥ ತೋಟ. ಆಮೇಲೆ ಪರೀಕ್ಷೆ, ಅದರ ಹಿಂದೆಯೇ ರಜೆ. ಹುಡುಗಿಯರು ಊರಿಗೆ, ನಾನು ಮನೆಗೆ, ತೋಟ ಶಿವನ ಪಾದಕ್ಕೆ. ಕಾವಲುಗಾರನಿಗೆ ನೀರು ಬಿಡು ಎಂದರೆ ತನ್ನ ಡ್ಯೂಟಿ ಗೇಟು ಕಾಯುವುದು ಎನ್ನುತ್ತಾನೆ. ತಾನಾಗಿ ನೀರು ಬಿಡುವ ಯಂತ್ರ ಕೂಡಿಸೋಣವೆಂದರೆ ನಮ್ಮ ಕರೆಂಟು ತನಗೆ ಮನಸ್ಸು ಬಂದಾಗ ಬರುವಂಥದ್ದು. ಎರಡು ಬೇಸಿಗೆ ಹೀಗೇ ಒಣಗಿತು.

ನಮ್ಮ ಪ್ರಾಂಶುಪಾಲರು ಕೆಟ್ಟವರಲ್ಲ. ವಿದ್ಯಾರ್ಥಿಗಳ ಬೈಕುಗಳು ಬಿಸಿಲಲ್ಲಿ ನಿಂತು ಸೀಟು ಕಾದ ಹೆಂಚಾಗುತ್ತದೆ, ಹಿಂದಿನ ಜಾಗಕ್ಕೆ ಕಾಂಕ್ರೀಟು ಹಾಕಿ ಮೇಲೆ ತಗಡು ಹೊದಿಸೋಣ ಎಂಬುದು ಅವರ ಯೋಚನೆ. "ಈ ಬ್ಯಾಸಿಗ್ಯಾಗೂ ಒಣಗಿತಂದ್ರ ಮುಗೀತ್ ನೋಡ್ರಿ ಮೇಡಂ" ಎಂದು ಹೇಳಿಬಿಟ್ಟಿದ್ದರು. ಮಹಾದೇವಿಗೆ ಇದು ಕೊನೆಯ ವರ್ಷ. ತಾನು ಕಾಲೇಜು ಬಿಟ್ಟಮೇಲೂ ತೋಟ ಇರಬೇಕು ಎಂಬುದಷ್ಟೇ ಅವಳ ಹಂಬಲ.

ಇಂಥದ್ದರಲ್ಲಿ ವೇಲ್ಸ್ ದೇಶದ ಒಂದು ಸಣ್ಣ ಊರಿನ ಕಾಲೇಜಿನಿಂದ ಕರೆ ಬಂತು. ಅಲ್ಲಿಯೂ ವಿದ್ಯಾರ್ಥಿಗಳೇ ತೋಟ ನಡೆಸುತ್ತಾರಂತೆ, ಬೇರೆ ದೇಶಗಳ ಇಂಥ ತೋಟಗಳ ಶಿಕ್ಷಕರನ್ನು ಎರಡು ವಾರ ಕರೆಸಿಕೊಳ್ಳುತ್ತಾರಂತೆ. ಮಹಾದೇವಿ ಒಡೆದ ಬೆಂಚುಗಳು ಕಾಣದ ಹಾಗೆ ಮೊಬೈಲಿನಲ್ಲಿ ತೆಗೆದು ಕಳಿಸಿದ್ದ ವಿಡಿಯೋ ಅವರಿಗೆ ಹಿಡಿಸಿತ್ತು. ನಾನು ಹೈದರಾಬಾದಿನ ಬಸ್ಸು ಹತ್ತುವಾಗ ಅವಳು ಬೀಳ್ಕೊಡಲು ಬಂದಿದ್ದಳು.

"ಮೇಡಂ, ರಜಾದಾಗ ಅವರು ಏನ್ ಮಾಡ್ತಾರ, ಅಷ್ಟು ಕೇಳ್ಕೊಂಡು ಬರ್ರಿ. ಉಳದದ್ದೇನೂ ಬ್ಯಾಡ ನಮಗ" ಎಂದಳು. ಒಂದು ಚಾಕೊಲೇಟನ್ನೂ ಕೇಳದ ಹುಡುಗಿ.

ಲಂಡನ್, ವಿಮಾನ ನಿಲ್ದಾಣ

ಬೀಜಗಳನ್ನು ತರಕೂಡದು ಎಂದು ಮೊದಲೇ ತಿಳಿಸಿದ್ದರು. ಹೀಗಾಗಿ ಕೈಚೀಲದ ಮೂಲೆಮೂಲೆಯನ್ನೂ ಜಾಡಿಸಿ, ಎಲ್ಲೋ ಉಳಿದಿದ್ದ ಒಂದು ಮೆಂತ್ಯದ ಕಾಳನ್ನೂ ಬಿಡದೆ ಹೆಕ್ಕಿ ಹೊರಟಿದ್ದೆ. ಆದರೆ ಶೇಂಗಾಹಿಂಡಿ ಇಲ್ಲದೆ ಎರಡು ವಾರ ಬದುಕುವ ಧೈರ್ಯ ನನಗಿರಲಿಲ್ಲ. ಅಧಿಕಾರಿಯೊಬ್ಬ ಡಬ್ಬಿ ತೆಗೆಸಿ ಈ ಕೆಂಪು ಪುಡಿ ಏನೆಂದು ಕೇಳಿದ. ಶೇಂಗಾ, ಬೆಳ್ಳುಳ್ಳಿ, ಖಾರ, ಉಪ್ಪು ಎಂದು ಪಾಠ ಒಪ್ಪಿಸಿದೆ. ಅವನು ಮೂಗು ಹತ್ತಿರ ತಂದು ಜೋರಾಗಿ ಉಸಿರೆಳೆದುಕೊಂಡ. ಆಮೇಲೆ ಶುರುವಾದ ಸೀನು ನಿಲ್ಲಲೇ ಇಲ್ಲ. ಸೀನುಗಳ ನಡುವೆ ಸಿಕ್ಕ ಬಿಡುವಿನಲ್ಲಿ ಅವನೇ ನನಗೆ ಕ್ಷಮಿಸಿ ಎಂದ, ಕಣ್ಣೊರೆಸಿಕೊಳ್ಳುತ್ತ ಕೈಬೀಸಿ ಕಳಿಸಿಯೂ ಬಿಟ್ಟ.

ಆ ದೇಶದಲ್ಲಿ ಕ್ಷಮೆ ಕೇಳುವುದಕ್ಕೆ ತಪ್ಪು ಮಾಡಿರಬೇಕೆಂದಿಲ್ಲ. ರೈಲಿನಲ್ಲಿ ನಾನು ಒಬ್ಬಾತನ ಕಾಲು ತುಳಿದೆ. ಕ್ಷಮಿಸಿ ಎಂದವನು ಅವನು. ನಮ್ಮ ಬಸ್ಸಿನಲ್ಲಾಗಿದ್ದರೆ ಬಸವಕಲ್ಯಾಣ ಬರುವವರೆಗೂ ನನ್ನ ಮನೆತನದ ವಿಚಾರಣೆ ನಡೆಯುತ್ತಿತ್ತು.

ಕಾಲೇಜು, ಮೊದಲ ದಿನಗಳು

ವೇಲ್ಸಿನಲ್ಲಿ ಇಳಿದ ಕೂಡಲೇ ನನಗೆ ಮನೆಗೆ ಬಂದಂತೆ ಅನಿಸಲು ಕಾರಣ ಅಲ್ಲಿನ ಬೋರ್ಡುಗಳು. ಎಲ್ಲದರ ಮೇಲೂ ಎರಡೆರಡು ಭಾಷೆ, ಮೊದಲು ಅವರ ವೆಲ್ಷ್, ಕೆಳಗೆ ಇಂಗ್ಲಿಷ್. ಅಂಗಡಿಯಾಕೆ ಒಬ್ಬ ಗಿರಾಕಿಯ ಜತೆ ಒಂದು ಭಾಷೆ, ಮುಂದಿನವನ ಜತೆ ಇನ್ನೊಂದು ಭಾಷೆ ಆಡುತ್ತಿದ್ದಳು. ಕನ್ನಡದಲ್ಲಿ ಮಾತು ಶುರುಮಾಡಿ, ಉರ್ದುವಿನಲ್ಲಿ ಚೌಕಾಸಿ ಮಾಡಿ, ಮರಾಠಿಯಲ್ಲಿ ಮುಗಿಸುವ ಊರಿನಿಂದ ಹೋದವಳಿಗೆ ಇದು ಅಷ್ಟೇನೂ ಸೋಜಿಗವಲ್ಲ. ಗುಡ್ಡದ ತುಂಬ ಕುರಿಗಳಿದ್ದವು. ಕಾಯುವವರು ಮಾತ್ರ ಕಾಣಲಿಲ್ಲ. ಹೆಗಲ ಮೇಲೆ ಕಂಬಳಿ ಹೊತ್ತವನೊಬ್ಬ ಎಲ್ಲಾದರೂ ಮರದ ಕೆಳಗಿರಬಹುದೆಂದು ನಾನು ಬಹಳ ಹೊತ್ತು ಹುಡುಕಿದೆ.

ತೋಟ ಕಾಲೇಜಿನ ಹಿಂದಿನ ಇಳಿಜಾರಿನಲ್ಲಿತ್ತು. ಲೀಕ್ ಎಂಬ ಈರುಳ್ಳಿಯ ದೊಡ್ಡಣ್ಣನಂಥ ಗಿಡ, ಕೋಸು, ಇನ್ನೂ ಚಳಿಗೆ ಮುದುಡಿಕೊಂಡಿದ್ದ ಅವರೆಯ ಸಸಿಗಳು. ಎಲ್ಲದರ ಉಸ್ತುವಾರಿ ಮೇಗನ್ ಎಂಬ ಕೊನೆಯ ವರ್ಷದ ವಿದ್ಯಾರ್ಥಿನಿಯದು. ಕೆಂಪು ಕೆನ್ನೆ, ಕೆಸರು ಮೆತ್ತಿದ ಕೋಟು, ನಿಂತಲ್ಲಿ ನಿಲ್ಲದ ಕಾಲು. ಮಹಾದೇವಿಗೆ ಬಿಳಿ ಬಣ್ಣ ಬಳಿದು ಯಾರೋ ಇಲ್ಲಿ ತಂದು ನಿಲ್ಲಿಸಿದ್ದಾರೆ ಅನಿಸಿತು.

ಆ ಜನ ಮಳೆಯಲ್ಲಿ ನಿಂತೇ ಊಟ ಮಾಡುತ್ತಾರೆ. ತೋಟದ ಬದುವಿನಲ್ಲಿ ಒಲೆ ಹಚ್ಚಿ ಒಂದು ದೊಡ್ಡ ಪಾತ್ರೆಗೆ ಕೈಗೆ ಸಿಕ್ಕ ಸೊಪ್ಪು ತರಕಾರಿಯನ್ನೆಲ್ಲ ಹಾಕಿ ಕುದಿಸಿ ಬಟ್ಟಲಲ್ಲಿ ಸುರಿದು ಕೊಡುತ್ತಾರೆ. ಉಪ್ಪಿದೆ, ಖಾರವಿಲ್ಲ. ನಾನು ನನ್ನ ಬಟ್ಟಲಿಗೆ ಶೇಂಗಾಹಿಂಡಿ ಉದುರಿಸಿಕೊಂಡೆ. ಪಕ್ಕದಲ್ಲಿದ್ದವನು ಇಷ್ಟು ಕೇಳಿದ, ಅವನ ಪಕ್ಕದವಳು ಇನ್ನಷ್ಟು ಕೇಳಿದಳು. ಮೂರನೆಯ ದಿನಕ್ಕೆ ನನ್ನ ಡಬ್ಬಿಯ ತಳ ಕಂಡಿತು. ನಾನು ನಗುತ್ತಲೇ ಹಂಚಿದೆ, ಒಳಗೆ ಹೊಟ್ಟೆ ಉರಿಯುತ್ತಿತ್ತು.

ಮೊದಲ ದಿನವೇ ನನ್ನ ಪ್ರಶ್ನೆ ಕೇಳಿದೆ. ರಜೆಯಲ್ಲಿ ನೀರು ಯಾರು ಹಾಕುತ್ತಾರೆ? ಮೇಗನ್ ಕೋಟಿನ ತೋಳಿನಿಂದ ನೀರು ತೊಟ್ಟಿಕ್ಕುತ್ತಿದ್ದ ಕೈಯನ್ನು ಎತ್ತಿ ಆಕಾಶ ತೋರಿಸಿದಳು. ಸುತ್ತ ನಿಂತವರೆಲ್ಲ ನಕ್ಕರು, ನಾನೂ ನಕ್ಕೆ. ನಕ್ಕಮೇಲೆ ಮಾತ್ರ ಮನಸ್ಸು ಕುಂದಿತು. ಸಮುದ್ರ ದಾಟಿ ಬಂದು ಈ ಉತ್ತರ ಒಯ್ದರೆ ಮಹಾದೇವಿಗೆ ಮುಖ ಹೇಗೆ ತೋರಿಸುವುದು?

ಪ್ಲಾಸ್ಟಿಕ್ಕಿನ ಮನೆ

ತೋಟದ ಒಂದು ಬದಿಗೆ ದಪ್ಪ ಪ್ಲಾಸ್ಟಿಕ್ ಹೊದಿಸಿದ ಕಮಾನಿನಾಕಾರದ ಮನೆಯೊಂದಿತ್ತು. ಮಳೆಗೆ ಬೇಸತ್ತು ಒಂದು ಬೆಳಿಗ್ಗೆ ಅದರೊಳಗೆ ಹೊಕ್ಕೆ. ಒಳಗೆ ಬೆಚ್ಚಗಿತ್ತು. ಕಣ್ಣು ಹೊಂದಿಕೊಂಡಾಗ ಎದುರಿಗೆ ಕಂಡದ್ದು ಕಡಲೆ! ನಮ್ಮ ಕಡಲೆಯೇ, ಗೇಣುದ್ದದ ಗಿಡಗಳು, ಎರಡು ಸಾಲು. ಪರದೇಶದಲ್ಲಿ ತವರಿನ ಬಳಗದವರು ಸಿಕ್ಕಂತಾಯಿತು. ಎಲೆ ಸವರಿ ಬೆರಳು ನೆಕ್ಕಿ ನೋಡಿದೆ. ಅದೇ ಹುಳಿ.

ಅದೇ ಹೊತ್ತಿಗೆ ಮಹಾದೇವಿಯ ಫೋನು.

"ಮೇಡಂ, ಪ್ರಿನ್ಸಿಪಾಲ್ ಸರ್ ಯಾರಿಗೋ ಗುತ್ತೇದಾರಗ ಕರ್ಕೊಂಡು ಬಂದಿದ್ರು. ತೋಟದ ಸುತ್ತ ಸುಣ್ಣದ ಗೆರಿ ಹಾಕ್ಸ್ಯಾರ. ಬದನಿ ಇನ್ನಾ ಹೂ ಬಿಡಾಕತ್ತಾವ್ರಿ, ಈಗೇ ಯಾಕ್ ಗೆರಿ ಹಾಕ್ಬೇಕು?"

ಸಮಾಧಾನ ಹೇಳಿದೆ. ಗೆರೆ ಹಾಕಿದರೇನು, ಜೂನ್‌ವರೆಗೆ ಸಮಯವಿದೆ, ನಾನು ಬಂದು ಮಾತಾಡುತ್ತೇನೆ ಎಂದೆ. ಮಾತಾಡುತ್ತ ಸಾಲಿನುದ್ದಕ್ಕೂ ನಡೆಯುತ್ತಿದ್ದೆ. ನನ್ನ ಬಾಯಿ ಹುಮನಾಬಾದಿನಲ್ಲಿತ್ತು, ಕೈ ಎಲ್ಲಿತ್ತೋ ನನಗೇ ಗೊತ್ತಿರಲಿಲ್ಲ. ಫೋನು ಇಟ್ಟು ನೋಡಿಕೊಂಡರೆ ಒಂದು ಸಾಲಿನ ಅಷ್ಟೂ ಗಿಡಗಳ ಕುಡಿ ಚಿವುಟಿ ಬೊಗಸೆ ತುಂಬಿಕೊಂಡಿದ್ದೇನೆ. ಅರ್ಧ ತಿಂದೂ ಆಗಿದೆ.

ಬಾಗಿಲಲ್ಲಿ ಮೇಗನ್ ನಿಂತಿದ್ದಳು. ಅವಳು ಮೊದಲು ಗಿಡಗಳನ್ನು, ಆಮೇಲೆ ನನ್ನ ಬೊಗಸೆಯನ್ನು, ಕೊನೆಗೆ ನನ್ನ ಬಾಯಿಯನ್ನು ನೋಡಿದಳು. ಆ ಜನ ಸದಾ ಹೇಳುವ 'ಕ್ಷಮಿಸಿ' ಅವತ್ತು ಅವಳ ಬಾಯಿಂದ ಬರಲಿಲ್ಲ. ಆ ಚಳಿನಾಡಿನಲ್ಲಿ ಕಡಲೆ ಬೆಳೆದೀತೇ ಎಂಬುದು ಅವಳ ಕೊನೆಯ ವರ್ಷದ ಪ್ರಯೋಗವಂತೆ. ವಾರವಾರ ಗಿಡದ ಎತ್ತರ ಅಳೆಯುತ್ತಿದ್ದಳಂತೆ. ಅಳೆಯಬೇಕಾದ ತುದಿ ನನ್ನ ಹೊಟ್ಟೆಯಲ್ಲಿತ್ತು. ಅವಳ ಕಣ್ಣು ತುಂಬಿ ಬಂತು. ಪ್ರಾಯ ಐವತ್ತು ದಾಟಿದ ಸಸ್ಯಶಾಸ್ತ್ರದ ಮೇಷ್ಟ್ರಮ್ಮನಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

ಒಂದು ಕುಂಡ ಬೋರಲು ಹಾಕಿಕೊಂಡು ಕೂತು ಅವಳಿಗೆ ಎಲ್ಲ ಹೇಳಿದೆ. ನಮ್ಮಲ್ಲಿ ಕಡಲೆ ಎಳೆಯದಾಗಿರುವಾಗ ಕುಡಿ ಚಿವುಟಲೇಬೇಕು, ಚಿವುಟಿದರೆ ಗಿಡ ಬದಿಗೆ ಕವಲೊಡೆಯುತ್ತದೆ, ಇಲ್ಲದಿದ್ದರೆ ಸುಮ್ಮನೆ ಉದ್ದಕ್ಕೆ ಬೆಳೆಯುತ್ತದೆ. ಮುಡಬಿಯ ದಾರಿಯಲ್ಲಿ ಬಸ್ಸಿಳಿದವರು, ಶಾಲೆಗೆ ಹೋಗುವ ಮಕ್ಕಳು, ಬೇರೆ ಊರಿನ ನೆಂಟರು, ಯಾರು ಬೇಕಾದರೂ ಯಾರ ಹೊಲದ್ದಾದರೂ ಒಂದು ಮುಷ್ಟಿ ಚಿವುಟಿಕೊಂಡು ಬಾಯಿಗೆ ಹಾಕಿಕೊಳ್ಳುತ್ತ ಹೋಗಬಹುದು. ಹೊಲದವನು ಬೈಯುವುದಿಲ್ಲ, ಅವನ ಕೆಲಸವನ್ನೇ ಮಾಡಿಕೊಟ್ಟಂತಾಯಿತಲ್ಲ. ಪಲ್ಯಕ್ಕೂ ಇಷ್ಟು ಒಯ್ಯಿರಿ ಎನ್ನುತ್ತಾನೆ. ನನ್ನ ಕೈಗೆ ಈ ಚಾಳಿ ನಡೆಯಲು ಕಲಿತಾಗಿನಿಂದ ಇದೆ.

ಮೇಗನ್ ಮೂಗೊರೆಸಿಕೊಂಡು ಒಂದು ಕುಡಿ ಬಾಯಿಗೆ ಹಾಕಿಕೊಂಡಳು. ಹುಳಿಗೆ ಮುಖ ಕಿವುಚಿದಳು. ಇನ್ನೊಂದು ತಗೊಂಡಳು. ಆಮೇಲೆ ಕೇಳಿದಳು:

"ಹಾಗಾದರೆ ನಿಮ್ಮ ಕಾಲೇಜಿನ ತೋಟಕ್ಕೂ ಊರವರು ಹಾಗೇ ಬಂದು ಕಿತ್ತುಕೊಂಡು ಹೋಗುತ್ತಾರಾ?"

ಇಲ್ಲ, ಅಲ್ಲಿ ಬೀಗ ಹಾಕಿದ್ದೇವೆ ಎಂದೆ. ಯಾಕೆ ಎಂದಳು. ವಿಮಾನದಲ್ಲಿ ಬಂದ ನನ್ನ ಪ್ರಶ್ನೆಗಿಂತ ಈ ಪ್ರಶ್ನೆ ದೊಡ್ಡದಾಗಿತ್ತು. ಆಡುಗಳು ಬರುತ್ತವೆ ಎಂದೆ. ಆ ಉತ್ತರ ನನಗೇ ರುಚಿಸಲಿಲ್ಲ.

ಮೇಗನ್ನಳ ಕಡಲೆಯ ಕಥೆಯನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಚಿವುಟಿದ ಸಾಲು, ಚಿವುಟದ ಸಾಲು ಎಂದು ಪ್ರಯೋಗದ ಹೆಸರನ್ನೇ ಬದಲಿಸಿಕೊಳ್ಳಲು ಅವಳ ಶಿಕ್ಷಕರು ಒಪ್ಪಿದರು. ಮೇ ತಿಂಗಳ ತೇವಕ್ಕೆ ಎರಡೂ ಸಾಲಿಗೆ ಬೂಷ್ಟು ಹಿಡಿದು ಒಂದು ಕಾಳೂ ಕೈಗೆ ಬರಲಿಲ್ಲವಂತೆ. ಯಾಕೆ ಬರಲಿಲ್ಲ ಎಂಬುದನ್ನೇ ಚೆನ್ನಾಗಿ ಬರೆದು ಪಾಸಾದಳು.

ರಜೆ ಶುರುವಾದ ದಿನ

ನಾನು ಹೊರಡುವ ಮುನ್ನ ಅವರಿಗೆ ಈಸ್ಟರ್ ರಜೆ ಬಂತು. ಹುಡುಗ ಹುಡುಗಿಯರು ಬೆನ್ನಿಗೆ ಚೀಲ ಹಾಕಿಕೊಂಡೇ ತೋಟಕ್ಕೆ ಬಂದರು. ಅಕ್ಕಪಕ್ಕದ ಬೀದಿಯವರೂ ಒಬ್ಬೊಬ್ಬರಾಗಿ ಬಂದರು, ಮಗುವನ್ನು ಎತ್ತಿಕೊಂಡ ತಾಯಿ, ನಾಯಿ ಹಿಡಿದ ಮುದುಕ, ಅಂಗಡಿಯಾಕೆ. ಒಬ್ಬೊಬ್ಬ ವಿದ್ಯಾರ್ಥಿ ಒಬ್ಬೊಬ್ಬರನ್ನು ಕರೆದುಕೊಂಡು ತನ್ನ ಮಡಿ ತೋರಿಸಿದ. ನೋಡುತ್ತ ಎಲೆ ಹರಿದು ತಿಂದರು, ತಿನ್ನುತ್ತ ಹರಟೆ ಹೊಡೆದರು. ನಾಯಿಯ ಮುದುಕ ಲೀಕ್ ಗಿಡಗಳನ್ನು ತನ್ನವೇ ಎಂಬಂತೆ ಕಿತ್ತು ಚೀಲಕ್ಕೆ ತುಂಬಿದ.

ಮೇಗನ್ ಆಗ ನನಗೆ ವಿವರಿಸಿದಳು. ಅವರಿಗೆ ಬೇಸಿಗೆಯಲ್ಲಿ ನೀರಿನ ಚಿಂತೆ ಅಷ್ಟಿಲ್ಲ, ತಿನ್ನುವವರದ್ದೇ ಚಿಂತೆ. ಅವರೆಯ ಕಾಯಿ ಕೀಳದಿದ್ದರೆ ಗಿಡ ಬಿಡುವುದನ್ನೇ ನಿಲ್ಲಿಸುತ್ತದೆ. ಹಿಂದೊಮ್ಮೆ ರಜೆ ಮುಗಿಸಿ ಬಂದಾಗ ಬಳ್ಳಿಯ ತುಂಬ ಚರ್ಮದಂಥ ಒಣ ಕಾಯಿಗಳು ಜೋತಾಡುತ್ತಿದ್ದವಂತೆ. ಅಂದಿನಿಂದ ರಜೆಯಲ್ಲಿ ಬೆಳೆದದ್ದೆಲ್ಲ ಬೀದಿಯವರದ್ದು. ಪ್ಲಾಸ್ಟಿಕ್ಕಿನ ಮನೆಯೊಳಗೆ ನೀರು ಹಾಕುವುದೂ ಅವರದ್ದೇ ಕೆಲಸ. ಕಳವಾಗುವುದಿಲ್ಲವೇ ಎಂದು ಕೇಳಿದೆ. ಒಂದು ಸಲ ಯಾರೋ ಕುಂಬಳಕಾಯಿಗಳನ್ನೆಲ್ಲ ಹೊತ್ತುಕೊಂಡು ಹೋಗಿದ್ದರಂತೆ. ಸಿಟ್ಟು ಬಂದಿತ್ತಂತೆ, ಮರುವರ್ಷ ಹೆಚ್ಚು ಬೆಳೆದರಂತೆ.

ನನಗೆ ಕುಣಿಯುವಷ್ಟು ಖುಷಿಯಾಯಿತು. ಅವರು ತಿನ್ನುವವರನ್ನು ಹುಡುಕಿ ಬಾಗಿಲು ತೆರೆದಿದ್ದರು, ನಾವು ತಿನ್ನುವವರಿಗೆ ಹೆದರಿ ಬಾಗಿಲು ಹಾಕಿ ನೀರು ಹಾಕುವವರನ್ನು ಹುಡುಕುತ್ತಿದ್ದೆವು. ಮಹಾದೇವಿಗೆ ಅಲ್ಲಿಂದಲೇ ಫೋನು ಮಾಡಿ ಬೀಗ ತೆಗೆಯಬೇಕು ನೋಡು ಎಂದೆ. ಅವಳು ಮೇಡಂಗೆ ಚಳಿ ತಲೆಗೇರಿದೆ ಎಂದುಕೊಂಡಿರಬೇಕು.

ಓಣಿಯಲ್ಲಿ

ಊರಿಗೆ ಮರಳಿ ಹೇಳಿದಾಗ ಪ್ರಾಂಶುಪಾಲರಿಗಂತೂ ನನ್ನ ಮಾತು ತಮಾಷೆಯಾಗಿ ಕಂಡಿತು. ಇದನ್ನು ಕಲಿಯಲು ಅಷ್ಟು ದೂರ ಹೋಗಬೇಕಿತ್ತೇ, ಬೀಗ ತೆಗೆದರೆ ಬುಡಸಮೇತ ಒಯ್ಯುತ್ತಾರೆ ಎಂದರು. ಒಣಗಿ ಹೋಗುವುದಕ್ಕಿಂತ ಯಾರಾದರೂ ಒಯ್ಯಲಿ ಬಿಡಿ ಎಂದೆ. ಕೊನೆಗೆ, ಜೂನಿನಲ್ಲಿ ತಾವೇ ಬಂದು ನೋಡುವುದಾಗಿಯೂ ಅಲ್ಲಿಯವರೆಗೆ ಗುತ್ತೇದಾರನನ್ನು ತಡೆಯುವುದಾಗಿಯೂ ಒಪ್ಪಿದರು.

ಹಿಂದಿನ ಓಣಿಗೆ ಬೇಸಿಗೆಯಲ್ಲಿ ನಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹೆಂಗಸರು ಕೊಡ ಹೊತ್ತು ಹೆದ್ದಾರಿಯ ಆಚೆಗೆ ಹೋಗುತ್ತಾರೆ. ನಮ್ಮ ಕೊಳವೆಬಾವಿಯ ನಲ್ಲಿ ಇರುವುದು ತೋಟದ ಒಳಗೆ. ಬಂದು ತುಂಬಿಕೊಳ್ಳಿ, ತುಂಬಿಕೊಂಡಾಗಲೆಲ್ಲ ಗಿಡಗಳಿಗೂ ಹಾಕಿ, ಬಿಟ್ಟ ಕಾಯಿ ನಿಮ್ಮದೇ. ಇಷ್ಟು ಹೇಳಲು ನಾನೂ ಮಹಾದೇವಿಯೂ ಓಣಿಯ ಮನೆಮನೆಗೂ ಹೋದೆವು. ಎಲ್ಲರೂ ಮಾಳಮ್ಮ ಏನೆನ್ನುತ್ತಾಳೋ ಕೇಳಿ ಎಂದರು.

ಮಾಳಮ್ಮ ಅಂಗಳದಲ್ಲಿ ಆಡಿನ ಹಾಲು ಹಿಂಡುತ್ತಿದ್ದಳು. ತಲೆ ಎತ್ತಲಿಲ್ಲ.

"ಇಷ್ಟು ದಿನ ಮುಳ್ಳು ಹಚ್ಚಿ ಇಟ್ರಿ. ಬಿಸಲು ಬಿತ್ತು, ಈಗ ನಾವು ನೆನಪಾದೇವು" ಎಂದಳು.

ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು? ಮಹಾದೇವಿ ಅವಳ ಎದುರಿಗೇ ಕುಕ್ಕರಗಾಲಲ್ಲಿ ಕೂತಳು.

"ಹೌದು ಆಯಿ, ತಪ್ಪಾಗ್ಯಾದ. ನಾ ಇನ್ನ ಪರೀಕ್ಷಾ ಬರದು ಊರಿಗಿ ಹೋಗಾಕಿ. ಮತ್ತ ಬರಾಂಗಿಲ್ಲ. ತ್ವಾಟ ಉಳೀಬೇಕಂದ್ರ ನೀನೇ ನೋಡ್ಬೇಕು."

ಮಾಳಮ್ಮ ಹಾಲಿನ ಚರಿಗೆ ಬದಿಗಿಟ್ಟು ಹುಡುಗಿಯನ್ನು ನೋಡಿದಳು.

"ನನ್ನ ಆಡು ಒಳಗ ಬಂದ್ರ?"

"ತ್ವಾಟ ನಿಂದಾದಮ್ಯಾಲ ನೀನೇ ಹೊಡೀಬೇಕಾತದ ಆಯಿ."

ಮುದುಕಿ ನಕ್ಕಳು. ಕಿತ್ತ ಕಳೆ ಎಲ್ಲ ತನ್ನ ಆಡುಗಳಿಗೇ ಎಂದು ಕರಾರು ಹಾಕಿದಳು. ಅವತ್ತು ಸಂಜೆಯೇ ನಾವು ಬೀಗ ತೆಗೆದೆವು.

ಜೂನ್

ಮೇ ತಿಂಗಳಿಡೀ ನಾನು ಹುಮನಾಬಾದಿನ ಕಡೆ ತಲೆ ಹಾಕಲಿಲ್ಲ. ಬಿಸಿಲಿನ ನೆಪ ಹೇಳಿಕೊಂಡೆ, ನಿಜವಾಗಿ ಭಯ. ಏನೂ ಉಳಿದಿಲ್ಲವೆಂದು ನನ್ನ ಕಣ್ಣಾರೆ ನೋಡುವುದು ಬೇಡವಾಗಿತ್ತು. ಕಾಲೇಜು ತೆರೆದ ದಿನ ಮಹಾದೇವಿ ಮುಡಬಿಯಿಂದ ಬಂದು ಗೇಟಿನ ಹತ್ತಿರವೇ ಕಾಯುತ್ತಿದ್ದಳು. ಅವಳಿಗೂ ಒಬ್ಬಳೇ ಒಳಗೆ ಹೋಗುವ ಧೈರ್ಯ ಬಂದಿರಲಿಲ್ಲ.

ಇಬ್ಬರೂ ಹಿಂದಕ್ಕೆ ಹೋದೆವು. ತೋಟ ನಾವು ಬಿಟ್ಟುಹೋದ ತೋಟವಾಗಿರಲಿಲ್ಲ. ಒಂದು ಮೂಲೆಯ ಬದನೆ ಬೋಳಾಗಿತ್ತು, ಚವಳಿಕಾಯಿಯ ಒಂದು ಸಾಲೇ ಮಾಯ. ನಮ್ಮ ಅಂದವಾದ ಮಡಿಗಳ ನಡುವೆ ಯಾರೋ ಮೆಣಸಿನ ಗಿಡ ತುರುಕಿದ್ದರು, ಸೇವಂತಿಗೆ ನೆಟ್ಟಿದ್ದರು, ಮುಳ್ಳುಬೇಲಿಯ ಮೇಲೆ ಸೀರೆಗಳು ಒಣಗುತ್ತಿದ್ದವು. ಸುಣ್ಣದ ಗೆರೆಯ ಮೇಲೆ ಹೀರೆಬಳ್ಳಿ ಹರಿದುಹೋಗಿತ್ತು. ಆದರೆ ಎಲ್ಲ ಹಸಿರು, ಜೂನಿನ ಮೊದಲ ಮಳೆಗೂ ಮುಂಚೆ ಎಲ್ಲ ಹಸಿರು. ಮಹಾದೇವಿ ನನ್ನ ಕೈ ಹಿಡಿದುಕೊಂಡಳು. ನಾವಿಬ್ಬರೂ ಅತ್ತೆವು, ನಾಚಿಕೆಯಿಲ್ಲದೆ ಅತ್ತೆವು.

ಪ್ರಾಂಶುಪಾಲರು ಬಂದದ್ದು ಆಗ. ಒಂದು ಕೈಯಲ್ಲಿ ಪಾರ್ಕಿಂಗಿನ ನಕ್ಷೆ, ಇನ್ನೊಂದರಲ್ಲಿ ಅಳತೆಯ ಟೇಪು. ಬಾಗಿಲಲ್ಲಿ ನಿಂತು ಸುತ್ತ ನೋಡಿದರು. ನಲ್ಲಿಯ ಹತ್ತಿರ ಕೊಡ ತುಂಬುತ್ತಿದ್ದ ಮಾಳಮ್ಮ ಅವರನ್ನೂ ಟೇಪನ್ನೂ ನೋಡಿ, ಕೊಡ ಅಲ್ಲೇ ಬಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಕೇಳದೆಯೇ ಟೇಪಿನ ತುದಿ ಅವರ ಕೈಯಿಂದ ತಗೊಂಡು ನಡೆದಳು. ಸುಣ್ಣದ ಗೆರೆ ದಾಟಿದಳು, ಹೀರೆಬಳ್ಳಿ ದಾಟಿದಳು, ಒಡೆದ ಬೆಂಚುಗಳ ರಾಶಿಯ ಆಚೆ ಹೋಗಿ ನಿಂತಳು.

"ಇಲ್ಲೀತನಕ ಬೇಕ್ರಿ ಸಾಹೇಬ್ರ" ಎಂದು ಅಲ್ಲಿಂದಲೇ ಕೂಗಿದಳು. "ಮಳಿ ಬಂತಂದ್ರ ಓಣ್ಯಾಗಿನವ್ರು ಎಲ್ಲಾರೂ ಅವರಿ ಹಾಕೋರಿದ್ದೇವು. ಈ ಜಾಗ ಸಾಲಂಗಿಲ್ಲ."

ಪ್ರಾಂಶುಪಾಲರು ನನ್ನ ಮುಖ ನೋಡಿದರು. ನಾನು ಮಹಾದೇವಿಯ ಮುಖ ನೋಡಿದೆ. ಅವರು ನಿಧಾನಕ್ಕೆ ನಕ್ಷೆಯನ್ನು ಮಡಿಚಿ ಜೇಬಿಗೆ ತುರುಕಿ, ಟೇಪನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಎಳೆದರು.

"ಗಟ್ಟಿ ಹಿಡ್ಕೋರಿ ಮಾಳಮ್ಮ, ಸಡ್ಲ ಬಿಡಬ್ಯಾಡ್ರಿ" ಎಂದರು.